ಗುರುಗ್ರಹದ ಬಿಸಿ ಅಳೆಯುವ ಬಗೆ

ಗುರುಗ್ರಹಕ್ಕೆ ನೆಲವಿಲ್ಲ. ಜಲಜನಕ ಮತ್ತು ಹೀಲಿಯಂ ತುಂಬಿದ ಆ ಬೃಹತ್ ಗೋಳದಲ್ಲಿ ಕೆಳಗಿಳಿದಷ್ಟೂ ಅನಿಲ ದಟ್ಟವಾಗುತ್ತ ಹೋಗುತ್ತದೆಯೇ ಹೊರತು ಕಾಲೂರುವ ಗಟ್ಟಿ ತಾಣ ಸಿಗುವುದಿಲ್ಲ. ಅಲ್ಲಿ ಹವಾಮಾನ ಕೇಂದ್ರ ಕಟ್ಟುವ, ಉಷ್ಣಮಾಪಕ ನೆಡುವ ಮಾತೇ ಇಲ್ಲ. ಭೂಮಿಗಿಂತ 11 ಪಟ್ಟು ಅಗಲವಾದ ಈ ಗ್ರಹ ತೀರಾ ಹತ್ತಿರ ಬಂದಾಗಲೂ ಸುಮಾರು 60 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಆದರೂ ಅದರ ಮೋಡಗಳ ನೆತ್ತಿಯಲ್ಲಿ ಎಷ್ಟು ಚಳಿ, ಅಲ್ಲಿಂದ ಮೇಲೇರಿದರೆ ಎಷ್ಟು, ಉತ್ತರದಲ್ಲೆಷ್ಟು, ದಕ್ಷಿಣದಲ್ಲೆಷ್ಟು, ಹಿಂದಿನ ದಶಕಕ್ಕೂ ಈ ದಶಕಕ್ಕೂ ಏನು ವ್ಯತ್ಯಾಸ ಎಂಬುದನ್ನು ಕೆಲವೇ ಡಿಗ್ರಿಗಳ ನಿಖರತೆಯಲ್ಲಿ ಇಂದು ಹೇಳಬಹುದು. ದಶಕಗಳ ಈ ಲೆಕ್ಕದಲ್ಲಿ ಹೆಚ್ಚಿನದು ಬಂದಿರುವುದು ಭೂಮಿಯ ಮೇಲೇ ನಿಂತಿರುವ ದೂರದರ್ಶಕಗಳಿಂದ, ಅವು ಹಿಡಿಯುವ ಅವಕೆಂಪು ಬೆಳಕಿನಿಂದ.

ಉಷ್ಣಮಾಪಕವನ್ನೇ ಗುರುವಿನೊಳಗೆ ಇಳಿಸಿದ್ದು ಒಂದೇ ಒಂದು ಸಲ. ಗೆಲಿಲಿಯೊ ನೌಕೆ ಕಳಿಸಿದ ಶೋಧಕವೊಂದು 1995ರ ಡಿಸೆಂಬರ್ 7ರಂದು ಅದರ ವಾಯುಮಂಡಲ ಹೊಕ್ಕು, ಸುಮಾರು ಒಂದು ಗಂಟೆ ಮಾಹಿತಿ ರವಾನಿಸಿ ಮೌನವಾಯಿತು. ಒತ್ತಡ ನಮ್ಮ ಸಮುದ್ರಮಟ್ಟದಷ್ಟೇ ಇರುವ ಎತ್ತರದಲ್ಲಿ ಅದು ಕಂಡ ಉಷ್ಣತೆ ಮೈನಸ್ 107 ಡಿಗ್ರಿ ಸೆಲ್ಸಿಯಸ್. ಒತ್ತಡ 22 ಪಟ್ಟು ಏರುವ ಆಳದಲ್ಲಿ ಬಿಸಿ 150 ಡಿಗ್ರಿ ದಾಟಿತ್ತು. ಈ ಅಂಕಿಗಳು ಅಮೂಲ್ಯ. ಆದರೆ ಒಂದು ಊರಿನ ಒಂದು ಗಂಟೆಯ ಹವೆ ನೋಡಿ ಭೂಮಿಯ ಹವಾಮಾನವನ್ನೆಲ್ಲ ಹೇಳಲಾಗದು. ಗುರುವಿನ ವಿಷಯದಲ್ಲೂ ಅಷ್ಟೆ. ಇಡೀ ಗ್ರಹವನ್ನು ವರ್ಷಾನುಗಟ್ಟಲೆ ಕಾಯಬೇಕಾದರೆ ದೂರದಿಂದಲೇ ಬಿಸಿ ಅಳೆಯುವ ದಾರಿ ಬೇಕು.

ಬಿಸಿಯೇ ಬೆಳಕು

ಕಾವಲಿ ಕಾದಿದೆಯೇ ಎಂದು ನೋಡಲು ಅಡುಗೆಮನೆಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಒಂದು ಗೇಣು ಮೇಲೆ ಅಂಗೈ ಹಿಡಿದರೆ ಸಾಕು, ತಿಳಿಯುತ್ತದೆ. ಕಾವಲಿ ಕಪ್ಪಾಗಿಯೇ ಇದೆ, ಕಣ್ಣಿಗೆ ಯಾವ ಬೆಳಕೂ ಕಾಣದು. ಆದರೂ ಅದರಿಂದ ಹೊಮ್ಮುವ ಕಿರಣಗಳು ಅಂಗೈಗೆ ತಾಗುತ್ತಿರುತ್ತವೆ. ಅವೇ ಅವಕೆಂಪು ಕಿರಣಗಳು. 1800ರಲ್ಲಿ ವಿಲಿಯಂ ಹರ್ಷೆಲ್ ಇಂಗ್ಲೆಂಡಿನಲ್ಲಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು ಬೇರೆ ಬೇರೆ ಬಣ್ಣಗಳಲ್ಲಿ ಉಷ್ಣಮಾಪಕ ಇಟ್ಟು ನೋಡಿದ. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ, ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿತು. ಕಣ್ಣಿಗೆ ಕಾಣದ ಬೆಳಕೊಂದು ಇದೆ ಎಂದು ತಿಳಿದದ್ದು ಹಾಗೆ.

ಸುಡುವ ವಸ್ತುವಷ್ಟೇ ಅಲ್ಲ, ತಣ್ಣಗಿರುವ ವಸ್ತುವೂ ಕಿರಣಗಳನ್ನು ಸೂಸುತ್ತದೆ. ತಣ್ಣಗಾದಷ್ಟೂ ಆ ಕಿರಣಗಳ ತರಂಗಾಂತರ ಉದ್ದವಾಗುತ್ತದೆ. ಕಣ್ಣು ಗ್ರಹಿಸುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ಮೈ ಅತಿ ಹೆಚ್ಚು ಹೊಳೆಯುವುದು ಸುಮಾರು 9 ಮೈಕ್ರಾನಿನಲ್ಲಿ. ಗುರುಗ್ರಹ ಒಟ್ಟಾರೆಯಾಗಿ ಮೈನಸ್ 148 ಡಿಗ್ರಿಯ ವಸ್ತುವಿನಂತೆ ಕಿರಣ ಸೂಸುತ್ತದೆ. ಅದರ ಹೊಳಪು ತುದಿ ಮುಟ್ಟುವುದು 23 ಮೈಕ್ರಾನಿನ ಆಸುಪಾಸಿನಲ್ಲಿ. ರಾತ್ರಿ ಆಕಾಶದಲ್ಲಿ ನಮಗೆ ಕಾಣುವ ಗುರು ಸೂರ್ಯನ ಬೆಳಕನ್ನು ಹಿಂದಿರುಗಿಸುತ್ತಿರುವ ಗುರು. 5 ಮೈಕ್ರಾನ್ ದಾಟಿದ ಮೇಲೆ ಬರುವುದೆಲ್ಲ ಬಹುಮಟ್ಟಿಗೆ ಅದರ ಸ್ವಂತ ಶಾಖ.

ಈ ಶಾಖವನ್ನು ಹಿಡಿಯುವ ಸೂಕ್ಷ್ಮ ಸಾಧನವನ್ನು ಅಮೆರಿಕದ ಫ್ರಾಂಕ್ ಲೋ 1961ರಲ್ಲಿ ರೂಪಿಸಿದ. ದ್ರವ ಹೀಲಿಯಂನಲ್ಲಿ ತಣಿಸಿದ ಜರ್ಮೇನಿಯಂ ಚೂರು ಅದರ ಹೃದಯ. ಅದನ್ನು ದೂರದರ್ಶಕಕ್ಕೆ ಜೋಡಿಸಿ ಅದೇ ದಶಕದಲ್ಲಿ ಗುರುವನ್ನು ಅಳೆದಾಗ ಅಚ್ಚರಿಯ ಸಂಗತಿ ಹೊರಬಿತ್ತು: ಗುರು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಹೊರಗೆ ಬಿಡುತ್ತಿದೆ. ಮುಂದೆ ನೌಕೆಗಳು ನಡೆಸಿದ ಅಳತೆಗಳು ಇದನ್ನು ಖಚಿತಪಡಿಸಿದವು. ಕ್ಯಾಸಿನಿ ನೌಕೆಯ ಅಳತೆಯಂತೆ ಈ ಪ್ರಮಾಣ ಹೀರಿದ ಶಾಖದ ಎರಡು ಪಟ್ಟಿಗೂ ತುಸು ಮಿಗಿಲು. ಸುಮಾರು 450 ಕೋಟಿ ವರ್ಷಗಳ ಹಿಂದೆ ಹುಟ್ಟುವಾಗ ಒಡಲಲ್ಲಿ ಕೂಡಿಟ್ಟ ಶಾಖ, ಜೊತೆಗೆ ಇಂದಿಗೂ ಅತಿ ನಿಧಾನವಾಗಿ ಕುಗ್ಗುತ್ತಿರುವುದರಿಂದ ಹುಟ್ಟುವ ಶಾಖ ಇದಕ್ಕೆ ಕಾರಣ. ಭೂಮಿಯ ಹವಾಮಾನವನ್ನು ನಡೆಸುವವನು ಸೂರ್ಯ. ಗುರುವಿನ ಹವಾಮಾನಕ್ಕೆ ಮೇಲಿನಿಂದ ಸೂರ್ಯನ ಕಾವು ಉಂಟು, ಕೆಳಗಿನಿಂದ ಸ್ವಂತ ಒಲೆಯೂ ಉಂಟು.

ಗಾಳಿಯ ಪರದೆಯಲ್ಲಿ ಕಿಂಡಿಗಳು

ಗುರುವಿನಿಂದ ಹೊರಟ ಅವಕೆಂಪು ಕಿರಣ ಅಡೆತಡೆಯಿಲ್ಲದೆ ಬಂದು, ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅದನ್ನು ಹೀರಿಬಿಡುತ್ತವೆ. ಪುಣ್ಯಕ್ಕೆ ಈ ಪರದೆಯಲ್ಲಿ ಕೆಲವು ಕಿಂಡಿಗಳಿವೆ. 5 ಮೈಕ್ರಾನಿನ ಬಳಿ ಒಂದು, 8ರಿಂದ 13 ಮೈಕ್ರಾನಿನವರೆಗೆ ಅಗಲವಾದ ಇನ್ನೊಂದು, 17ರಿಂದ 25ರವರೆಗೆ ಮಬ್ಬಾದ ಮತ್ತೊಂದು. ಕೊನೆಯದು ತೆರೆಯುವುದು ಗಾಳಿ ತೀರಾ ಒಣಗಿದ್ದರೆ ಮಾತ್ರ. ಆದ್ದರಿಂದಲೇ ಈ ಕೆಲಸದ ದೂರದರ್ಶಕಗಳು ಎತ್ತರದ, ಒಣ ಜಾಗಗಳನ್ನು ಹುಡುಕಿಕೊಂಡು ಹೋಗಿವೆ. ಹವಾಯಿ ದ್ವೀಪದ ಮೌನಾ ಕೀ ಶಿಖರ 4,200 ಮೀಟರ್ ಎತ್ತರದಲ್ಲಿ, ಹೆಚ್ಚಿನ ಮೋಡಗಳಿಗಿಂತ ಮೇಲಿದೆ. ನಾಸಾದ 3 ಮೀಟರಿನ ಅವಕೆಂಪು ದೂರದರ್ಶಕ ಅಲ್ಲಿ 1979ರಲ್ಲಿ ಸಿದ್ಧವಾಯಿತು. ವಾಯೇಜರ್ ನೌಕೆಗಳಿಗೆ ನೆಲದಿಂದ ಬೆಂಬಲ ನೀಡುವುದು ಅದರ ಮೊದಲ ಉದ್ದೇಶವಾಗಿತ್ತು. ಜಪಾನಿನ 8.2 ಮೀಟರಿನ ಸುಬಾರು ದೂರದರ್ಶಕವೂ ಅದೇ ಶಿಖರದಲ್ಲಿದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಪರನಾಲ್ ಬೆಟ್ಟದ ಮೇಲೆ ಯುರೋಪಿನ ದೇಶಗಳು ಒಟ್ಟಾಗಿ ನಿಲ್ಲಿಸಿದ, ಅಷ್ಟೇ ಗಾತ್ರದ ನಾಲ್ಕು ದೂರದರ್ಶಕಗಳಿವೆ.

ಕಿಂಡಿ ಸಿಕ್ಕರೂ ಇನ್ನೊಂದು ತೊಡಕು ಉಳಿಯುತ್ತದೆ. 10 ಮೈಕ್ರಾನಿನಲ್ಲಿ ನಮ್ಮ ಆಕಾಶವೇ ಹೊಳೆಯುತ್ತದೆ. ದೂರದರ್ಶಕದ ಕನ್ನಡಿ, ಅದನ್ನು ಹೊತ್ತ ಉಕ್ಕು, ಸುತ್ತಲಿನ ಗುಮ್ಮಟ ಎಲ್ಲವೂ ಹೊಳೆಯುತ್ತವೆ. ನಡುಮಧ್ಯಾಹ್ನ, ಅದರಲ್ಲೂ ಸ್ವತಃ ಉರಿಯುತ್ತಿರುವ ದುರ್ಬೀನಿನಲ್ಲಿ ದೂರದ ಹಣತೆಯನ್ನು ಹುಡುಕಿದಂತೆ ಇದು. ಇದಕ್ಕೆ ಕಂಡುಕೊಂಡ ಉಪಾಯ ಸರಳ. ದೂರದರ್ಶಕದ ಚಿಕ್ಕ ಕನ್ನಡಿಯನ್ನು ಸೆಕೆಂಡಿಗೆ ಹಲವು ಬಾರಿ ಅತ್ತಿತ್ತ ತೂಗಿಸುತ್ತಾರೆ. ಒಂದು ಕ್ಷಣ ಅದು ಗುರುವನ್ನು ನೋಡುತ್ತದೆ, ಮರುಕ್ಷಣ ಪಕ್ಕದ ಬರಿ ಆಕಾಶವನ್ನು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಆಕಾಶದ ಹೊಳಪು ಹೋಗಿ ಗುರು ಉಳಿಯುತ್ತದೆ. ಕನ್ನಡಿ ವಾಲಿದ್ದರಿಂದಲೇ ಸೇರಿಕೊಂಡ ಅಲ್ಪ ವ್ಯತ್ಯಾಸವನ್ನು ತೆಗೆಯಲು ಇಡೀ ದೂರದರ್ಶಕವನ್ನೇ ತುಸು ಸರಿಸಿ ಇದೇ ಕ್ರಮವನ್ನು ಮತ್ತೆ ನಡೆಸುತ್ತಾರೆ. ಸಂವೇದಕ ತಾನೇ ಹೊಳೆಯದಂತೆ ಅದನ್ನು ಪರಮಶೂನ್ಯದ ಹತ್ತಿರಕ್ಕೆ, ಅಂದರೆ ಮೈನಸ್ 260 ಡಿಗ್ರಿಗೂ ಕೆಳಕ್ಕೆ ತಣಿಸಿಡುತ್ತಾರೆ.

ಗುರುವಿನ ಗಾತ್ರ ಇಲ್ಲಿ ಒಂದು ಫಜೀತಿ ತರುತ್ತದೆ. ಹತ್ತಿರ ಬಂದಾಗ ಅದರ ಬಿಂಬ ಆಕಾಶದಲ್ಲಿ ಸುಮಾರು 45 ಆರ್ಕ್ ಸೆಕೆಂಡ್ ಅಗಲವಿರುತ್ತದೆ. ಕೆಲವು ದೊಡ್ಡ ದೂರದರ್ಶಕಗಳಲ್ಲಿ ಕನ್ನಡಿಯ ತೂಗಾಟ ಅಷ್ಟು ದೂರ ಹೋಗುವುದಿಲ್ಲ. ಬರಿ ಆಕಾಶ ನೋಡಬೇಕಾದ ಕ್ಷಣದಲ್ಲೂ ಗುರುವಿನ ಒಂದು ಭಾಗ ಕಣ್ಣಿಗೆ ಬಿದ್ದು, ಕಳೆಯುವಾಗ ಗುರುವಿನಿಂದ ಗುರುವನ್ನೇ ಕಳೆದಂತಾಗುತ್ತದೆ. ಹಾಗಾಗಿ ಒಂದು ಸಲ ಉತ್ತರ ಗೋಳಾರ್ಧ, ಇನ್ನೊಂದು ಸಲ ದಕ್ಷಿಣ ಗೋಳಾರ್ಧ ಎಂದು ತುಂಡು ತುಂಡಾಗಿ ಹಿಡಿದು ಆಮೇಲೆ ಜೋಡಿಸಬೇಕು. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುವುದರಿಂದ ಈ ಜೋಡಣೆಯಲ್ಲಿ ಸಮಯದ ಲೆಕ್ಕವೂ ತಪ್ಪಬಾರದು.

ದೂರದರ್ಶಕ ದೊಡ್ಡದಾದಷ್ಟೂ ಸಣ್ಣ ವಿವರ ಕಾಣುತ್ತದೆ. 10 ಮೈಕ್ರಾನಿನಲ್ಲಿ 3 ಮೀಟರಿನ ಕನ್ನಡಿಗೆ ಗುರುವಿನ ಮೇಲೆ ಸುಮಾರು 2,600 ಕಿಲೋಮೀಟರ್ ಅಗಲದ ಲಕ್ಷಣಗಳು ಬಿಡಿಯಾಗಿ ಕಂಡರೆ, 8 ಮೀಟರಿನ ಕನ್ನಡಿಗೆ ಸುಮಾರು 1,000 ಕಿಲೋಮೀಟರಿನವೂ ಕಾಣುತ್ತವೆ.

ಬೆಳಕಿನಿಂದ ಉಷ್ಣತೆಗೆ

ಹಿಡಿದ ಬೆಳಕು ಯಾವ ಎತ್ತರದ್ದು ಎಂದು ತಿಳಿಯುವುದು ಈ ವಿದ್ಯೆಯ ತಿರುಳು. ಮಂಜು ಕವಿದ ಬೆಳಗಿನಲ್ಲಿ ಮಲೆನಾಡಿನ ರಸ್ತೆಯಲ್ಲಿ ನಿಂತವರಿಗೆ ಹತ್ತು ಮಾರಿನ ಆಚೆ ಏನೂ ಕಾಣದು. ಮಂಜು ತೆಳುವಾದಂತೆ ಎದುರಿನ ಗುಡ್ಡದವರೆಗೂ ಕಣ್ಣು ಹೋಗುತ್ತದೆ. ಗುರುವಿನ ಅನಿಲಗಳೂ ಹೀಗೆಯೇ, ಒಂದೊಂದು ತರಂಗಾಂತರಕ್ಕೆ ಒಂದೊಂದು ದಪ್ಪದ ಮಂಜು. ದಟ್ಟವಾಗಿರುವ ತರಂಗಾಂತರದಲ್ಲಿ ಮೇಲಿನ ಪದರವಷ್ಟೇ ಕಾಣುತ್ತದೆ, ತಿಳಿಯಾಗಿರುವ ತರಂಗಾಂತರದಲ್ಲಿ ಆಳದ ಪದರ ಕಾಣುತ್ತದೆ. ಹಲವು ತರಂಗಾಂತರಗಳಲ್ಲಿ ನೋಡಿದರೆ ಹಲವು ಎತ್ತರಗಳ ಉಷ್ಣಮಾಪಕಗಳನ್ನು ಒಟ್ಟಿಗೇ ಓದಿದಂತೆ.

ಇಲ್ಲಿ ಎರಡು ಅನಿಲಗಳು ಹೆಚ್ಚು ನೆರವಿಗೆ ಬರುತ್ತವೆ. ಮೊದಲನೆಯದು ಜಲಜನಕ. 17ರಿಂದ 25 ಮೈಕ್ರಾನಿನ ಕಿಂಡಿಯಲ್ಲಿ ಮಂಜಿನ ಕೆಲಸ ಮಾಡುವುದು ಪರಸ್ಪರ ಢಿಕ್ಕಿ ಹೊಡೆಯುವ ಜಲಜನಕದ ಅಣುಗಳು. ಗುರುವಿನಲ್ಲಿ ಜಲಜನಕ ಎಷ್ಟಿದೆ ಎಂಬುದು ಗೊತ್ತಿರುವುದರಿಂದ ಆ ಮಂಜಿನ ದಪ್ಪವೂ ಗೊತ್ತು. ಹಾಗಾದರೆ ಉಳಿಯುವ ಅಪರಿಚಿತ ಅಂಶ ಉಷ್ಣತೆ ಒಂದೇ. ಈ ಕಿಂಡಿ ತೋರಿಸುವುದು ಮೋಡಗಳ ನೆತ್ತಿಯಲ್ಲಿರುವ ಪರಿವರ್ತನ ಮಂಡಲದ ಮೇಲ್ಭಾಗವನ್ನು. ಎರಡನೆಯದು ಮೀಥೇನ್. ಗುರುವಿನಲ್ಲಿ ಇದರ ಪಾಲು ಶೇಕಡ 0.2ರಷ್ಟು, ಮತ್ತು ಅದು ಎಲ್ಲೆಡೆ ಸಮವಾಗಿ ಬೆರೆತಿದೆ. 7.8 ಮೈಕ್ರಾನಿನ ಬಳಿ ಅದು ಹೊಮ್ಮಿಸುವ ಬೆಳಕು ಇನ್ನೂ ಮೇಲಿನ ಸಮೋಷ್ಣ ಮಂಡಲದ ಉಷ್ಣತೆಯನ್ನು ಹೇಳುತ್ತದೆ.

ಈ ಎರಡು ಬಗೆಯ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗುರುವಿನ ವಾಯುಮಂಡಲದ ರಚನೆ ಕಣ್ಣಿಗೇ ಕಾಣುತ್ತದೆ. 18 ಮೈಕ್ರಾನಿನ ಚಿತ್ರದಲ್ಲಿ ಬಿಂಬದ ನಡುಭಾಗ ಬೆಳ್ಳಗಿದ್ದು ಅಂಚು ಮಂಕಾಗುತ್ತ ಹೋಗುತ್ತದೆ. 7.8 ಮೈಕ್ರಾನಿನ ಚಿತ್ರದಲ್ಲಿ ಇದು ತಿರುಗುಮುರುಗು, ಅಂಚೇ ಬಳೆಯಂತೆ ಬೆಳಗುತ್ತದೆ. ಬಿಂಬದ ಅಂಚಿನಲ್ಲಿ ದೃಷ್ಟಿ ಓರೆಯಾಗಿ ಸಾಗುವುದರಿಂದ ನಡುವಿನಲ್ಲಿ ಕಾಣುವುದಕ್ಕಿಂತ ಮೇಲಿನ ಪದರ ಅಲ್ಲಿ ಕಾಣುತ್ತದೆ. ಪರಿವರ್ತನ ಮಂಡಲದಲ್ಲಿ ಮೇಲೇರಿದಂತೆ ಚಳಿ ಹೆಚ್ಚುತ್ತದೆ, ಆದ್ದರಿಂದ ಅಂಚು ಮಂಕು. ಸಮುದ್ರಮಟ್ಟದ ಒತ್ತಡದ ಹತ್ತನೇ ಒಂದು ಪಾಲು ಉಳಿಯುವ ಎತ್ತರದಲ್ಲಿ ಉಷ್ಣತೆ ಸುಮಾರು ಮೈನಸ್ 163 ಡಿಗ್ರಿಗೆ ಇಳಿದು ತಳ ಮುಟ್ಟುತ್ತದೆ. ಅಲ್ಲಿಂದ ಮೇಲೆ ಮೀಥೇನ್ ಮತ್ತು ತೆಳು ಮಬ್ಬು ಸೂರ್ಯನ ಬೆಳಕನ್ನು ಹೀರುವುದರಿಂದ ಉಷ್ಣತೆ ಮತ್ತೆ ಏರತೊಡಗುತ್ತದೆ, ಆದ್ದರಿಂದ ಅಂಚು ಪ್ರಕಾಶ. ಒಂದು ಬಿಂಬದ ಅಂಚನ್ನು ನೋಡಿದಷ್ಟಕ್ಕೇ ವಾಯುಮಂಡಲದ ಎರಡು ಅಂತಸ್ತುಗಳು ಬೇರೆಯಾಗಿ ತೋರುತ್ತವೆ.

ಅಂಕಿಗಳನ್ನು ಪಡೆಯುವುದು ಕಂಪ್ಯೂಟರಿನ ಕೆಲಸ. ಎತ್ತರಕ್ಕೆ ತಕ್ಕಂತೆ ಉಷ್ಣತೆ ಹೀಗಿರಬಹುದೆಂದು ಮೊದಲು ಒಂದು ಊಹೆ ಇಟ್ಟುಕೊಳ್ಳುತ್ತಾರೆ. ಅಂಥ ಗ್ರಹ ಎಷ್ಟು ಬೆಳಕು ಸೂಸಬೇಕು ಎಂದು ಲೆಕ್ಕ ಹಾಕಿ, ನಿಜವಾಗಿ ಸಿಕ್ಕ ಬೆಳಕಿನೊಡನೆ ಹೋಲಿಸುತ್ತಾರೆ. ತಾಳೆಯಾಗದಿದ್ದರೆ ಊಹೆಯನ್ನು ತಿದ್ದಿ ಮತ್ತೆ ಲೆಕ್ಕ. ಎರಡೂ ಹೊಂದುವ ತನಕ ಇದು ನಡೆಯುತ್ತದೆ. 8ರಿಂದ 12 ಮೈಕ್ರಾನಿನ ನಡುವೆ ಉಷ್ಣತೆಯ ಜೊತೆಗೆ ಅಮೋನಿಯ ಅನಿಲವೂ ಮೋಡದ ಕಣಗಳೂ ಬೆಳಕನ್ನು ಬದಲಿಸುತ್ತವೆ. ಒಂದು ಜಾಗ ಮಂಕಾಗಿ ಕಂಡರೆ ಅಲ್ಲಿ ಚಳಿಯೋ, ಅಮೋನಿಯ ಹೆಚ್ಚೋ, ಮೋಡ ದಟ್ಟವೋ ಎಂಬ ಗೊಂದಲ ಏಳುತ್ತದೆ. ಜಲಜನಕ ಹೇಳಿದ ಉಷ್ಣತೆಯನ್ನು ಮೊದಲು ನೆಲೆಗೊಳಿಸಿಕೊಂಡರೆ ಈ ಗಂಟು ಬಿಡಿಸಬಹುದು.

ಶಾಖದ ಭೂಪಟ

ಗುರುವಿನ ಮೈಮೇಲಿನ ಪಟ್ಟೆಗಳು ಚಿಕ್ಕ ದುರ್ಬೀನಿಗೂ ಕಾಣುತ್ತವೆ. ಅವಕೆಂಪು ಚಿತ್ರಗಳು ಈ ಪಟ್ಟೆಗಳಿಗೆ ಅರ್ಥ ಕೊಟ್ಟವು. ಮೋಡದ ನೆತ್ತಿಯಲ್ಲಿ ಬಿಳಿ ಪಟ್ಟೆಗಳು ತಂಪು, ಕಂದು ಪಟ್ಟೆಗಳು ಬೆಚ್ಚಗೆ. ತಂಪಿನ ಪಟ್ಟೆಯಲ್ಲಿ ಅನಿಲ ಮೇಲೇರುತ್ತ ಹಿಗ್ಗಿ ತಣಿದು ಅಮೋನಿಯ ಮಂಜುಗಡ್ಡೆಯ ಬಿಳಿ ಮೋಡ ಕಟ್ಟುತ್ತದೆ. ಬೆಚ್ಚನೆಯ ಪಟ್ಟೆಯಲ್ಲಿ ಅನಿಲ ಕೆಳಗಿಳಿದು ಮೋಡ ತೆಳುವಾಗುತ್ತದೆ. ಪಕ್ಕಪಕ್ಕದ ಪಟ್ಟೆಗಳ ಈ ಉಷ್ಣತೆಯ ಅಂತರದಿಂದ, ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಹೇಗೆ ಬದಲಾಗುತ್ತದೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ.

5 ಮೈಕ್ರಾನಿನ ಕಿಂಡಿಯಲ್ಲಿ ಗುರು ಬೇರೆಯೇ ರೂಪ ತಾಳುತ್ತದೆ. ಈ ಬೆಳಕನ್ನು ಗುರುವಿನ ಅನಿಲಗಳು ಅಷ್ಟಾಗಿ ತಡೆಯುವುದಿಲ್ಲ, ತಡೆಯುವುದು ಮೋಡಗಳು. ಹಂಚಿನ ಮನೆಯ ಸಂದುಗಳಲ್ಲಿ ಒಳಗಿನ ದೀಪ ಹೊರಗೆ ಇಣುಕುವಂತೆ, ಮೋಡ ಸರಿದ ಕಡೆಯೆಲ್ಲ ಆಳದ ಶಾಖ ಕೆಂಡದ ಹಾಗೆ ಹೊಳೆಯುತ್ತದೆ. ಉತ್ತರಕ್ಕೆ ಸುಮಾರು 7 ಡಿಗ್ರಿ ಅಕ್ಷಾಂಶದಲ್ಲಿ ಇಂಥ ಬಿಸಿ ಚುಕ್ಕೆಗಳ ಸಾಲೇ ಇದೆ. ಗೆಲಿಲಿಯೊದ ಶೋಧಕಕ್ಕೆ ನಿರೀಕ್ಷಿಸಿದಷ್ಟು ನೀರಾವಿ ಸಿಗದೆ ವಿಜ್ಞಾನಿಗಳು ತಬ್ಬಿಬ್ಬಾದಾಗ ಉತ್ತರ ಸಿಕ್ಕಿದ್ದು ನೆಲದಿಂದ ತೆಗೆದ ಇಂಥ ಚಿತ್ರಗಳಲ್ಲಿ: ಶೋಧಕ ಇಳಿದದ್ದು ಇಂಥದೇ ಒಂದು ಒಣ ಚುಕ್ಕೆಯೊಳಕ್ಕೆ.

ಭೂಮಿಗಿಂತ ಅಗಲವಾದ ಬಿರುಗಾಳಿ, ಗುರುವಿನ ಮಹಾ ಕೆಂಪು ಕಲೆ, ತನ್ನ ಸುತ್ತಲಿಗಿಂತ ತಂಪು. ಪರನಾಲ್ ಮತ್ತಿತರ ಕಡೆಯ ದೂರದರ್ಶಕಗಳ ನೆರವಿನಿಂದ 2010ರಲ್ಲಿ ಪ್ರಕಟವಾದ ಉಷ್ಣ ನಕ್ಷೆ, ಆ ಕಲೆಯ ಅತಿ ಕೆಂಪಾದ ನಟ್ಟನಡುವೆ ಮೂರು ನಾಲ್ಕು ಡಿಗ್ರಿ ಬೆಚ್ಚನೆಯ ತಿರುಳಿದೆ ಎಂದು ತೋರಿಸಿತು. ಧ್ರುವಗಳ ಮೇಲೆ ಧ್ರುವಪ್ರಭೆ ಬೆಳಗುವಲ್ಲಿ ಸಮೋಷ್ಣ ಮಂಡಲವೂ ಕಾದಿರುತ್ತದೆ. ಅದಕ್ಕೂ ಮೇಲೆ, ಅನಿಲ ಅತ್ಯಂತ ವಿರಳವಾದ ಉಷ್ಣತಾ ಮಂಡಲದಲ್ಲಿ, ಬರಿ ಸೂರ್ಯನ ಕಾವಿನಿಂದ ಮೈನಸ್ 70 ಡಿಗ್ರಿಯ ಆಸುಪಾಸು ಇರಬೇಕಿತ್ತು. ಇರುವುದು ಹಲವು ನೂರು ಡಿಗ್ರಿ. ಈ ಒಗಟನ್ನು ಬಿಡಿಸಿದ್ದು ಮೌನಾ ಕೀ ಶಿಖರದ ಕೆಕ್ ದೂರದರ್ಶಕ. 2016 ಮತ್ತು 2017ರಲ್ಲಿ ಅದು ಹಿಡಿದ ಬೆಳಕಿನಿಂದ ರಚಿಸಿದ ನಕ್ಷೆ 2021ರಲ್ಲಿ ಪ್ರಕಟವಾಯಿತು. ಧ್ರುವಪ್ರಭೆಯ ಬಳಿ 700 ಡಿಗ್ರಿ ಮೀರಿದ ಉಷ್ಣತೆ ಸಮಭಾಜಕ ವೃತ್ತದತ್ತ ಬರುತ್ತ ಸುಮಾರು 330 ಡಿಗ್ರಿಗೆ ಇಳಿಯುತ್ತದೆ. ಧ್ರುವಪ್ರಭೆಯಲ್ಲಿ ಹುಟ್ಟಿದ ಶಾಖವನ್ನು ಗಾಳಿ ಇಡೀ ಗ್ರಹಕ್ಕೆ ಹಂಚುತ್ತಿದೆ ಎಂಬುದಕ್ಕೆ ಇದು ಸಾಕ್ಷಿ.

ನಲವತ್ತು ವರ್ಷಗಳ ಕಾವಲು

ಒಂದು ರಾತ್ರಿಯ ನಕ್ಷೆ ಹವೆಯನ್ನು ಹೇಳುತ್ತದೆ. ಹವಾಗುಣವನ್ನು ಹೇಳಲು ದಶಕಗಳೇ ಬೇಕು. ಗುರು ಸೂರ್ಯನನ್ನು ಒಮ್ಮೆ ಸುತ್ತಲು 11.86 ವರ್ಷ ಹಿಡಿಯುತ್ತದೆ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಗ್ಲೆನ್ ಆರ್ಟನ್ ಮತ್ತು ಸಂಗಡಿಗರು 1978ರಲ್ಲಿ ಆರಂಭವಾದ ಅಳತೆಗಳನ್ನು 2019ರವರೆಗೂ ಕೂಡಿಸಿದರು. ಆರಂಭದ ವರ್ಷಗಳಲ್ಲಿ ಇಡೀ ಬಿಂಬವನ್ನು ಒಮ್ಮೆಲೇ ಹಿಡಿಯುವ ಸಂವೇದಕಗಳಿರಲಿಲ್ಲ. ಒಂದೇ ಒಂದು ಸಂವೇದಕವನ್ನು ಗುರುವಿನ ಮೇಲೆ ಸಾಲು ಸಾಲಾಗಿ ಹಾಯಿಸಿ, ಚುಕ್ಕಿ ಇಟ್ಟು ರಂಗೋಲಿ ಬಿಡಿಸಿದಂತೆ ಚಿತ್ರ ಕಟ್ಟಬೇಕಿತ್ತು. ಮುಂದೆ ನಾಸಾದ ಅವಕೆಂಪು ದೂರದರ್ಶಕ, ಸುಬಾರು ಮತ್ತು ಪರನಾಲಿನ ದೂರದರ್ಶಕಗಳ ಚಿತ್ರಗಳು ಈ ದಾಖಲೆಗೆ ಸೇರಿದವು. ಬೇರೆ ಬೇರೆ ಕಾಲದ, ಬೇರೆ ಬೇರೆ ಸಾಧನಗಳ ಅಳತೆಗಳನ್ನು ಒಂದೇ ಮಾನಕ್ಕೆ ತರುವುದೇ ಇದರಲ್ಲಿ ದೊಡ್ಡ ಶ್ರಮ.

2022ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶ ಯಾರೂ ಎಣಿಸದ್ದಾಗಿತ್ತು. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ನಮಗೆ ಬೇಸಿಗೆ, ಚಳಿಗಾಲ. ಗುರುವಿನ ಅಕ್ಷ ವಾಲಿರುವುದು 3 ಡಿಗ್ರಿ ಮಾತ್ರ, ಅಲ್ಲಿ ಋತುಗಳು ಇಲ್ಲವೆಂದೇ ಹೇಳಬೇಕು. ಆದರೂ ಅದರ ಪರಿವರ್ತನ ಮಂಡಲದ ಉಷ್ಣತೆ ನಿಯತವಾಗಿ ಏರಿಳಿಯುತ್ತಿತ್ತು: ಸುಮಾರು 4 ವರ್ಷದ, 7ರಿಂದ 9 ವರ್ಷದ, 10ರಿಂದ 14 ವರ್ಷದ ಆವರ್ತಗಳಲ್ಲಿ. ಅದಕ್ಕಿಂತ ವಿಚಿತ್ರವೆಂದರೆ 16, 22 ಮತ್ತು 30 ಡಿಗ್ರಿ ಅಕ್ಷಾಂಶಗಳಲ್ಲಿ ಉತ್ತರ ಬಿಸಿಯಾದಾಗ ದಕ್ಷಿಣದ ಅದೇ ಅಕ್ಷಾಂಶ ತಣ್ಣಗಾಗುತ್ತಿತ್ತು, ತಕ್ಕಡಿಯ ಎರಡು ತಟ್ಟೆಗಳಂತೆ. ಸಮಭಾಜಕ ವೃತ್ತದ ಬಳಿ ಸಮೋಷ್ಣ ಮಂಡಲದ ಉಷ್ಣತೆ ಏರಿದಾಗ ಕೆಳಗಿನ ಪರಿವರ್ತನ ಮಂಡಲದಲ್ಲಿ ಅದು ಇಳಿಯುತ್ತಿತ್ತು. ಸಾವಿರಾರು ಕಿಲೋಮೀಟರ್ ದೂರದ ಎರಡು ತಾಣಗಳ ಹವೆ ಹೀಗೆ ಒಂದಕ್ಕೊಂದು ತಳುಕು ಹಾಕಿಕೊಳ್ಳುವುದು ಭೂಮಿಯಲ್ಲಿ ಹೊಸತಲ್ಲ. ಪೆಸಿಫಿಕ್ ಸಾಗರದಲ್ಲಿ ಎಲ್‌ನಿನೊ ತಲೆ ಎತ್ತಿತೆಂದರೆ ನಮ್ಮಲ್ಲಿ ಮುಂಗಾರಿನ ಚಿಂತೆ ಆರಂಭವಾಗುವುದು ಇಂಥ ನಂಟಿನಿಂದಲೇ.

ಗುರುವಿನ ಸಮೋಷ್ಣ ಮಂಡಲದಲ್ಲಿಯೂ ಒಂದು ತಾಳವಿದೆ. ಸಮಭಾಜಕ ವೃತ್ತದ ಮೇಲೆ ಬಿಸಿ ಮತ್ತು ತಂಪು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಸರದಿಯಾಗಿ ಬರುತ್ತವೆ ಎಂದು 1991ರಲ್ಲಿ ವರದಿಯಾಯಿತು. ಭೂಮಿಯ ಸಮೋಷ್ಣ ಮಂಡಲದಲ್ಲಿ ಸುಮಾರು 28 ತಿಂಗಳಿಗೊಮ್ಮೆ ಗಾಳಿ ದಿಕ್ಕು ಬದಲಿಸುವುದಕ್ಕೂ ಇದಕ್ಕೂ ಹೋಲಿಕೆಯಿದೆ. ಎರಡಕ್ಕೂ ಕೆಳಗಿನಿಂದ ಏಳುವ ಅಲೆಗಳೇ ಚಾಲಕ ಶಕ್ತಿ. ಮುಂದೆ ದಶಕಗಳ ದಾಖಲೆಯನ್ನು ಸೇರಿಸಿ ನೋಡಿದಾಗ ಈ ತಾಳ ಕೆಲವೊಮ್ಮೆ ತಪ್ಪುವುದೂ ಕಂಡಿತು. 1980ರ ದಶಕದಲ್ಲಿ 5.7 ವರ್ಷವಿದ್ದ ಆವರ್ತ 1996ರಿಂದ 2006ರ ನಡುವೆ 3.9 ವರ್ಷಕ್ಕೆ ಇಳಿದಿತ್ತು.

ಇದೇ ವಿಧಾನ ಗುರುವಿನಾಚೆಗೂ ಚಾಚಿದೆ. 2010ರ ಡಿಸೆಂಬರಿನಲ್ಲಿ ಶನಿಯಲ್ಲಿ ಮಹಾ ಬಿರುಗಾಳಿ ಎದ್ದಾಗ, ಪರನಾಲಿನ ದೂರದರ್ಶಕ ಮತ್ತು ಕ್ಯಾಸಿನಿ ನೌಕೆ ಒಟ್ಟಾಗಿ ಅದರ ಸಮೋಷ್ಣ ಮಂಡಲದಲ್ಲಿ ಬಿಸಿಯ ಕೊಪ್ಪರಿಗೆಗಳನ್ನು ಕಂಡವು. ಅವು ಒಂದಾದ ಮೇಲೆ ಸುತ್ತಲಿಗಿಂತ ಸುಮಾರು 80 ಡಿಗ್ರಿ ಹೆಚ್ಚು ಕಾದಿದ್ದವು. ನೆಪ್ಚೂನಿನ ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ ನಡೆದಿದ್ದರೂ, 2003ರಿಂದ 2018ರ ನಡುವೆ ಗ್ರಹದ ಸಮೋಷ್ಣ ಮಂಡಲ 8 ಡಿಗ್ರಿ ತಣಿಯಿತು. ಆಮೇಲೆ ಎರಡೇ ವರ್ಷದಲ್ಲಿ ದಕ್ಷಿಣ ಧ್ರುವ 11 ಡಿಗ್ರಿ ಬಿಸಿಯಾಯಿತು.

2016ರಲ್ಲಿ ಗುರುವನ್ನು ಸುತ್ತತೊಡಗಿದ ಜೂನೋ ನೌಕೆಯ ಅವಕೆಂಪು ಕಣ್ಣು 5 ಮೈಕ್ರಾನಿಗೆ ನಿಲ್ಲುತ್ತದೆ. ಅದರಾಚೆಯ ತರಂಗಾಂತರಗಳಲ್ಲಿ ಮೋಡದ ನೆತ್ತಿಯ ಬಿಸಿ ನೋಡಿ ಜೂನೋದ ಅಳತೆಗಳಿಗೆ ಜೊತೆ ಕೊಡುವ ಕೆಲಸ ನೆಲದ ದೂರದರ್ಶಕಗಳದ್ದೇ. ಚಿಲಿಯಲ್ಲಿ ನಿರ್ಮಾಣವಾಗುತ್ತಿರುವ 39 ಮೀಟರಿನ ಕನ್ನಡಿಯ ದೂರದರ್ಶಕ ಮುಂದೆ ಇನ್ನೂ ಸೂಕ್ಷ್ಮ ವಿವರ ತೋರಿಸಲಿದೆ. ಆದರೆ ಗುರುವಿನ ತಕ್ಕಡಿಯನ್ನು ತೂಗುವ ಕೈ ಯಾವುದು, ಅದರ ಉದ್ದದ ಆವರ್ತಕ್ಕೂ ಹನ್ನೆರಡು ವರ್ಷಗಳ ಅದರ ಪಯಣಕ್ಕೂ ಸಂಬಂಧ ಇದೆಯೇ ಎಂಬ ಪ್ರಶ್ನೆಗಳು ಬರಿ ದೊಡ್ಡ ಕನ್ನಡಿಗೆ ದಕ್ಕುವಂಥವಲ್ಲ. 1978ರಿಂದ 2019ರವರೆಗಿನ ದಾಖಲೆ ಒಬ್ಬ ವಿಜ್ಞಾನಿಯ ವೃತ್ತಿಜೀವನದಷ್ಟು ಉದ್ದ. ಗುರುವಿನ ಲೆಕ್ಕದಲ್ಲಿ ಅದು ಮೂರೂವರೆ ವರ್ಷ. ಮೂರೂವರೆ ವರ್ಷದ ಮಳೆ ಲೆಕ್ಕ ನೋಡಿ ಯಾವ ರೈತನೂ ತನ್ನೂರಿನ ಹವಾಗುಣ ಇಂಥದೇ ಎಂದು ತೀರ್ಪು ಕೊಡುವುದಿಲ್ಲ. ಆದ್ದರಿಂದ ಅಳತೆ ಮುಂದುವರಿಯಬೇಕು, ಒಂದು ತಲೆಮಾರು ಬರೆದಿಟ್ಟ ಪುಸ್ತಕವನ್ನು ಇನ್ನೊಂದು ತಲೆಮಾರು ಕೈಗೆತ್ತಿಕೊಳ್ಳಬೇಕು.